ಎಕ್ಸ್‌ರೇ ಫಿಲ್ಮು ಎಂದು ನಾನು ಹೇಳಿದ್ದು

ಪ್ರವೀಣ, ಎಂಟು ವರ್ಷಗಳ ಹಿಂದಿನ ನವರಾತ್ರಿಯಲ್ಲಿ ಒಂಬತ್ತು ದಿನ ನಿನ್ನ ಬೆನ್ನಿನ ಮೇಲೆ, ಎದೆಯ ಮೇಲೆ, ಎರಡೂ ತೋಳುಗಳ ಮೇಲೆ ಇದ್ದದ್ದು ಎಕ್ಸ್‌ರೇ ಫಿಲ್ಮಿನ ತುಂಡುಗಳಲ್ಲ. ಮೀನಿನ ಹುರುಪೆ. ಒಂದೊಂದನ್ನೂ ನಾನೇ ತೊಳೆದು, ಬಣ್ಣ ಕುಡಿಸಿ, ತೂತು ಮಾಡಿ, ಕೋಟಿಗೆ ಹೊಲಿದದ್ದು. ನಿನಗೆ ಎಕ್ಸ್‌ರೇ ಎಂದು ಹೇಳಿದ್ದು.

ಇಷ್ಟು ಬರೆದು ನಿಲ್ಲಿಸಿದರೆ ಒಳ್ಳೆಯದಿತ್ತು. ಆದರೆ ಇದು ನನ್ನ ತಪ್ಪಿನ ಸುಲಭದ ಭಾಗ. ಕಷ್ಟದ್ದು ಒಂದು ಸಣ್ಣ ಮಾತು, ಮೂರೇ ಶಬ್ದದ್ದು — ಅದಕ್ಕೆ ಬರುತ್ತೇನೆ. ಬರದೆ ಹೋದರೆ ಈ ಹಾಳೆಯನ್ನು ನಂಬಬೇಡ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ಅಲ್ಲಲ್ಲಿ ಬಿಟ್ಟು ಹೇಳಿದರೆ ಆ ಬಿಟ್ಟ ಜಾಗಗಳಲ್ಲಿ ನಾನು ಅಡಗಿ ಕೂರುತ್ತೇನೆ. ಅದು ನನ್ನ ಹಳೆಯ ಅಭ್ಯಾಸ.

ಆ ವರ್ಷದ ಮಳೆಗಾಲದಲ್ಲಿ ನಿನ್ನ ಅಮ್ಮ, ಕಮಲಕ್ಕ, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ್ದರು. ಅಮ್ಮ ಸ್ವಂತ ಕಾಲಲ್ಲಿ ನಡೆದು ಮನೆಗೆ ಬಂದರೆ ನವರಾತ್ರಿಯ ಒಂಬತ್ತು ದಿನವೂ ವೇಷ ಹಾಕಿ ಊರು ಸುತ್ತುತ್ತೇನೆ ಎಂದು ನೀನು ಹರಕೆ ಹೇಳಿಕೊಂಡೆ. ಬಂದರು. ಬೋಳಾರದ ನಿಮ್ಮ ಮನೆಯ ಮೆಟ್ಟಿಲುಗಳನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಮೆಟ್ಟಿಲು ಮೂರು ಇತ್ತು ಎಂದು ನನ್ನ ನೆನಪು. ಮೊನ್ನೆ ಬಂದಾಗ ನೋಡಿದರೆ ನಾಲ್ಕು ಇದೆ. ಇನ್ನು ಮುಂದೆ ಹೇಳುವುದರಲ್ಲೂ ಇಂಥ ಒಂದು ಮೆಟ್ಟಿಲು ಹೆಚ್ಚು ಕಡಿಮೆ ಇರಬಹುದು. ಆದರೆ ಸುಳ್ಳು ಹೇಳಿದ್ದು ನಾನೇ — ಅದರಲ್ಲಿ ಹೆಚ್ಚು ಕಡಿಮೆ ಇಲ್ಲ.

ನಿನ್ನದು ಅಜ್ಜನ ಕಾಲದಿಂದ ಕಡಲಿಗೆ ಹೋದ ಮನೆ. ನೀನು ದಕ್ಕೆಯಲ್ಲಿ, ಬೋಟುಗಳು ಬಂದು ಮೀನು ಇಳಿಸುವಲ್ಲಿ, ಏಲಂ ಕೂಗುವವ. ವ್ರತ ಹಿಡಿದವರು ಮೀನು ತಿನ್ನುವುದನ್ನು ಬಿಡುತ್ತಾರೆ, ಅದು ಎಲ್ಲರೂ ಮಾಡುವುದೇ. ನೀನು ದಕ್ಕೆಯನ್ನೇ ಬಿಟ್ಟೆ. ಒಂಬತ್ತು ದಿನಕ್ಕೆ ಮೊದಲೇ ರಜೆ ಹಾಕಿ ಕೂತೆ. ವೇಷದ ಜಾಕೆಟ್ ಗಟ್ಟಿಯಾಗಲಿ ಎಂದು ನಾನು ಬಲೆಯ ನೂಲು ತಂದುಕೊಡು ಎಂದು ಕೇಳಿದಾಗ ನೀನು ಕೈ ಅಡ್ಡ ಹಿಡಿದೆ.

"ಬಲೆಯ ನೂಲೂ ಬೇಡ ಮಾರಾಯ. ಮೀನಿನದ್ದು ಎಂತದ್ದೂ ಬೇಡ. ಅಮ್ಮನ ವಿಷಯ ಇದು."

"ಹೊಸ ನೂಲು ಹೇಳಿದ್ದು ನಾನು. ಮೀನು ಮುಟ್ಟದ್ದು."

"ಹೊಸತಾದ್ರೂ ಅದು ಮೀನನ್ನೇ ನೆನೆಸಿಕೊಂಡು ಕೂತಿರ್ತದೆ," ಎಂದು ನಕ್ಕೆ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುವಾಗ ನಿನ್ನ ನಗು ಸ್ವಲ್ಪ ಕಡಿಮೆಯಾಗಿದೆ. ಬೇಡ ಎಂದದ್ದು ಮಾತ್ರ ಕಡಿಮೆಯಾಗಿಲ್ಲ. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ಅವತ್ತೇ ಮುಚ್ಚಿತ್ತು.

ನವಿಲಿನ ವೇಷ ನನ್ನ ಹಠ. ನಿನಗೆ ಹುಲಿವೇಷವೇ ಸಾಕಿತ್ತು. "ಹುಲಿ ಊರಿಡೀ ಉಂಟು, ನಿನಗೆ ನವಿಲು ಮಾಡುವ" ಎಂದು ಬೆನ್ನು ಹತ್ತಿದ್ದು ನಾನು. ಮಣ್ಣಗುಡ್ಡದ ಬಾಡಿಗೆ ಕೋಣೆಯಲ್ಲಿ ಅಂಗಡಿಗಳ ಬೋರ್ಡು ಬರೆದು ಬದುಕುತ್ತಿದ್ದವ ನಾನು; ಫ್ಲೆಕ್ಸ್ ಬಂದ ಮೇಲೆ ಕುಂಚಕ್ಕೆ ಕೆಲಸ ಕಡಿಮೆಯಾಗಿ ಕೈ ಸುಮ್ಮನಿರದೆ ಕಂಡದ್ದಕ್ಕೆಲ್ಲ ಬಣ್ಣ ಹಚ್ಚುತ್ತಿದ್ದೆ — ತೆಂಗಿನ ಕರಟ, ಥರ್ಮಕೋಲು, ಈರುಳ್ಳಿ ಸಿಪ್ಪೆ. ಹೊಸ ವಸ್ತು ಒಂದು ಸಿಕ್ಕಿದರೆ ಊಟ ಸೇರುತ್ತಿರಲಿಲ್ಲ. ಪೇಟೆಯವರೆಲ್ಲ ನಿಂತು ನೋಡುವ ಒಂದು ವಸ್ತು ನನ್ನ ಕೈಯಿಂದ ಆಗಬೇಕು — ನಿನ್ನ ಹರಕೆ ನನಗೆ ಅದಕ್ಕೊಂದು ಮೈ ಒದಗಿಸಿತು. ಇದನ್ನು ಇಷ್ಟು ಒರಟಾಗಿ ಹಿಂದೆ ಎಂದೂ ನನಗೆ ನಾನು ಹೇಳಿಕೊಂಡಿರಲಿಲ್ಲ.

ಅಶ್ರಫ್ ನಮ್ಮಿಬ್ಬರ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ತೊಕ್ಕೊಟ್ಟಿನಲ್ಲಿ ಅವನ ಟೈಲರ್ ಅಂಗಡಿ, ಅದರ ಹಿಂದೆಯೇ ಮನೆ. ನಿನ್ನ ಭಾವನ ಹಳೆಯ ಕೋಟನ್ನು ಬಿಚ್ಚಿ, ಬೆನ್ನಿಗೆ ಜಿಪ್ ಇಟ್ಟು, ಕುಣಿಯುವಾಗ ಕೈ ಎತ್ತಲಿಕ್ಕೆ ಬರಲಿ ಎಂದು ಕಂಕುಳಲ್ಲಿ ಇಲಾಸ್ಟಿಕ್ ಸೇರಿಸಿ ಅವನು ಕೊಟ್ಟ. ಅದರ ಮೇಲೆ ನವಿಲಿನ ಕತ್ತಿನ ನೀಲಿ ಹಸಿರು ಹೊಳಪು ತರುವುದು ನನ್ನ ಪಾಲಿನ ಕೆಲಸ.

ಎಕ್ಸ್‌ರೇ ಸುಳ್ಳು ಮೊದಲು ಸತ್ಯವೇ ಆಗಿತ್ತು. ಗುಜರಿಯಿಂದ ಹಳೆಯ ಫಿಲ್ಮು ತಂದು, ಸೋಡಾ ಹಾಕಿದ ಬಿಸಿ ನೀರಿನಲ್ಲಿ ಕಪ್ಪು ತೆಗೆದು, ಬೆರಳಿನ ಉಗುರಿನ ಆಕಾರಕ್ಕೆ ಕತ್ತರಿಸಿ, ಬಣ್ಣ ಹೊಡೆದು ಇಡೀ ಜಾಕೆಟ್‌ಗೆ ಜೋಡಿಸಿದ್ದೆ. ನಮ್ಮ ಟೆರೇಸಿನಲ್ಲಿ ನೀನು ಅದನ್ನು ಹಾಕಿಕೊಂಡು "ಇದರೊಳಗೆ ಯಾರ್ಯಾರ ಎಲುಬು ಉಂಟೋ! ರೋಗದವರೆಲ್ಲ ನನ್ನೊಟ್ಟಿಗೆ ಕುಣಿತಾರೆ" ಎಂದೆ. ನಿನಗೆ ಅದು ಇಷ್ಟವಾಗಿತ್ತು. ಆಸ್ಪತ್ರೆಯಿಂದ ಎದ್ದು ಬಂದ ಅಮ್ಮನ ಹರಕೆಗೆ ಆಸ್ಪತ್ರೆಯದ್ದೇ ವಸ್ತು. ಆಮೇಲೆ ಕೈ ಎತ್ತಿ ಒಂದು ಸುತ್ತು ಕುಣಿದೆ. ಬಣ್ಣವೆಲ್ಲ ಸಿಪ್ಪೆ ಎದ್ದು ನಿನ್ನ ಕಾಲಬುಡದಲ್ಲಿ ನೀಲಿ ಹೊಟ್ಟಾಗಿ ಬಿತ್ತು. ಫಿಲ್ಮು ಬಣ್ಣ ಕುಡಿಯುವುದಿಲ್ಲ. ಮೇಲೆ ಹೊದ್ದುಕೊಳ್ಳುತ್ತದೆ ಅಷ್ಟೆ, ಬಗ್ಗಿಸಿದರೆ ಬಿಟ್ಟುಬಿಡುತ್ತದೆ. ನವರಾತ್ರಿಗೆ ಆಗ ಆರು ದಿನ ಬಾಕಿ.

ಮರುದಿನ ಪಣಂಬೂರಿನ ಕಡೆ ಒಂದು ಕ್ಯಾಂಟೀನಿನ ಬೋರ್ಡು ಬರೆಯಲಿಕ್ಕಿತ್ತು. ಹತ್ತಿರದಲ್ಲೇ, ಬಂದರಿನ ಕೆಲಸಕ್ಕೆ ಹೊರರಾಜ್ಯದಿಂದ ಬಂದವರು ಕೊಳ್ಳುವ ಕೆರೆ ಮೀನಿನ ಒಂದು ಅಂಗಡಿ. ಹೆಂಗಸೊಬ್ಬರು ದೊಡ್ಡ ಕಾಟ್ಲಾ ಮೀನನ್ನು ಕೆರೆಯುತ್ತಿದ್ದರು. ರೂಪಾಯಿ ಬಿಲ್ಲೆಯಷ್ಟಗಲದ ಹುರುಪೆಗಳು ಹಾರಿ ಬಿಸಿಲಿಗೆ ಬಿದ್ದು, ಒಣಗಿ, ಅಂಚು ಎತ್ತಿ, ಒಂದೊಂದರಲ್ಲೂ ಬೆಳಕು — ಆ ಕ್ಷಣ ನೀನು ನೆನಪಿಗೆ ಬರಲಿಲ್ಲ ಎಂದು ಬರೆಯಲು ಹೋದೆ. ಬಂದೆ. ಬಂದವನನ್ನು ನಾನು ಬದಿಗೆ ಸರಿಸಿದೆ.

"ಎಂತಕ್ಕೆ ಅಣ್ಣ ಇದು? ಗಿಡಕ್ಕಾ?" ಎಂದು ಆಕೆ ಚೀಲಕ್ಕೆ ತುಂಬಿಸುತ್ತ ಕೇಳಿದರು.

"ಹೌದು, ಗಿಡಕ್ಕೆ," ಎಂದೆ. ಮೊದಲ ಸುಳ್ಳು ಒಬ್ಬ ಅಪರಿಚಿತೆಗೆ, ಅಲ್ಲಿ ಅಭ್ಯಾಸವಾಯಿತು.

ಕೆಲಸದ ಬಗ್ಗೆ ಬರೆಯಬೇಕೋ ಬೇಡವೋ ಎಂದು ಅನುಮಾನ. ಬರೆದರೆ ಹೆಮ್ಮೆ ಇಣುಕುತ್ತದೆ. ಆದರೆ ಆ ಹೆಮ್ಮೆಯೇ ನನ್ನಿಂದ ಇದನ್ನು ಮಾಡಿಸಿದ್ದು. ಮುಚ್ಚಿಟ್ಟರೆ ಅದೂ ಕಳ್ಳತನ. ಹುರುಪೆಗಳನ್ನು ಮೊದಲು ಉಪ್ಪು ನೀರಿನಲ್ಲಿ, ಆಮೇಲೆ ಲಿಂಬೆ ಹಿಂಡಿದ ನೀರಿನಲ್ಲಿ, ಲೋಳೆ ಹೋಗುವವರೆಗೆ ತಿಕ್ಕಿದೆ. ಟೆರೇಸಿನ ತುಂಬ ಕಾಗೆ. ಕೊನೆಗೆ ಬಕೆಟ್ಟನ್ನು ಬಚ್ಚಲಿಗೆ ಒಯ್ದೆ. ಬಟ್ಟೆಯ ಬಣ್ಣ ಹಿಡಿಯಲಿಲ್ಲ. ರೇಷ್ಮೆ ಸೀರೆಗೆ ಹಾಕುವ ಬಣ್ಣಕ್ಕೆ ವಿನೆಗರ್ ಸೇರಿಸಿ, ಬೆರಳು ತಡೆಯುವಷ್ಟು ಬಿಸಿ ನೀರಿನಲ್ಲಿ ಮುಳುಗಿಸಿದಾಗ — ಕುಡಿದವು. ನೀರು ಕುದಿಯಬಾರದು, ಕುದಿದರೆ ಮುದುಡಿ ಅಂಟಾಗುತ್ತವೆ. ಎರಡು ಪಾತ್ರೆ ನೀಲಿ, ಒಂದು ಹಸಿರು, ಅಂಚಿಗೆ ಅರಸಿನದ ಛಾಯೆ. ಒದ್ದೆ ಇರುವಾಗಲೇ ಸೂಜಿಯಿಂದ ತೂತು ಮಾಡಬೇಕು, ಒಣಗಿದ ಮೇಲೆ ಚುಚ್ಚಿದರೆ ಸೀಳುತ್ತದೆ. ಪೇಪರಿನ ನಡುವೆ ಇಟ್ಟು, ಮೇಲೆ ಬಣ್ಣದ ಡಬ್ಬಗಳನ್ನು ಹೇರಿ ಒಣಗಿಸಿದೆ. ಎಕ್ಸ್‌ರೇ ತುಂಡುಗಳನ್ನೆಲ್ಲ ಕಿತ್ತು, ಮಾಡಿಗೆ ಹೆಂಚು ಹೊದಿಸುವ ಹಾಗೆ ಕೆಳಗಿನಿಂದ ಮೇಲಕ್ಕೆ, ಒಂದರ ತಲೆ ಇನ್ನೊಂದರ ಬುಡದಲ್ಲಿ ಮುಚ್ಚುವಂತೆ ಸಾಲು ಸಾಲಾಗಿ ಹೊಲಿದೆ. ವಾಸನೆ ಏಳದ ಹಾಗೆ ಮೇಲೆ ವಾರ್ನಿಶ್ ಸಿಂಪಡಿಸಿದೆ.

ಹೊಲಿಯುವಾಗ ನನ್ನೊಳಗೆ ಒಂದು ವಾದ ನಡೆಯುತ್ತಿತ್ತು: ಇದು ಕಡಲ ಮೀನಲ್ಲ, ಕೆರೆಯದ್ದು. ಇದು ಮಾಂಸವಲ್ಲ, ಉಗುರಿನ ಹಾಗೆ. ತೊಳೆದದ್ದು. ಬಣ್ಣ ಹಾಕಿದ್ದು. ಇಷ್ಟಾದ ಮೇಲೆ ಇದು ಮೀನು ಹೇಗಾಗುತ್ತದೆ? ವಾದ ಗೆದ್ದಿತು. ಆದರೂ ನಿನಗೆ ಹೇಳಲಿಲ್ಲ — ಗೆದ್ದ ವಾದವನ್ನು ಯಾಕೆ ಮುಚ್ಚಿಟ್ಟೆ?

ನೀನು ಜಾಕೆಟ್ ನೋಡಿ ಬೆರಳಿನಿಂದ ಒಂದು ಸಾಲನ್ನು ಮೇಲಕ್ಕೆ ನೇವರಿಸಿದೆ, ಅದು ಸರಕ್ಕೆಂದು ಮಲಗಿತು.

"ಅದೇ ಎಕ್ಸ್‌ರೇಯಾ ಇದು?"

"ಅದೇ. ಬಿಸಿ ನೀರಲ್ಲಿ ಹಾಕಿ ಬಣ್ಣ ಕುಡಿಸಿದೆ."

ಅಷ್ಟೇ. ನೀನು ನಂಬಿದೆ. ನಂಬುವುದಕ್ಕೆ ನಿನಗೆ ಕಷ್ಟವೇ ಆಗಲಿಲ್ಲ, ಅದು ಈಗಲೂ ನನ್ನನ್ನು —

ಮೂರನೆಯ ದಿನವಿರಬೇಕು. ಬಿಸಿಲಿನಲ್ಲಿ ಬೆಳಿಗ್ಗೆಯಿಂದ ಕುಣಿದು, ಜಾಕೆಟ್ ನಿನ್ನ ಬೆವರಿನಲ್ಲಿ ನೆನೆದಿತ್ತು. ತಾಸೆ ಬಡಿಯುವವರು ನೀರು ಕುಡಿಯಲು ನಿಂತಾಗ ನೀನು ನನ್ನನ್ನು ಒಂದು ಅಂಗಡಿಯ ಬದಿಗೆ ಕರೆದೆ.

"ಸುಧಾಕರ, ನನ್ನ ಮೈಯಿಂದ ಮೀನಿನ ವಾಸನೆ ಬರ್ತದಾ?"

"ದಕ್ಕೆಯವನ ಮೂಗಲ್ಲವಾ ನಿನ್ನದು? ಅದರೊಳಗೆ ಯಾವಾಗ್ಲೂ ಉಂಟು," ಎಂದು ನಾನು ತಮಾಷೆ ಮಾಡಿದೆ.

ನೀನೂ ನಕ್ಕೆ. ಆದರೆ ಮರುದಿನದಿಂದ ಎರಡು ಸಲ ಸ್ನಾನ ಮಾಡತೊಡಗಿದೆ. ಕಡಲೆಹಿಟ್ಟು, ಅರಸಿನ ಹಚ್ಚಿ ತೋಳು ಕೆಂಪಾಗುವಷ್ಟು ತಿಕ್ಕುತ್ತಿದ್ದೆ. ಕಮಲಕ್ಕ ನನ್ನ ಹತ್ತಿರ, "ಎಂತ ಮಗಾ ಇವ, ಚರ್ಮ ತೆಗಿತಾನಾ ಹೇಗೆ?" ಎಂದು ಕೇಳಿದರು. ನಿನ್ನ ಮೈಯೇ ನಿನ್ನ ವ್ರತಕ್ಕೆ ಒಗ್ಗದ ಮೈ ಎಂದು ನೀನು ತಿಳಿದುಕೊಂಡೆ. ವಾಸನೆ ನಿನ್ನ ಮೈಯ ಹೊರಗೆ, ನಾನು ಹೊಲಿದ ಸಾಲುಗಳಲ್ಲಿತ್ತು.

ಐದನೆಯ ದಿನ ಬೆನ್ನಿನ ಒಂದು ಸಾಲು ಹರಿಯಿತು. ಸೇತುವೆ ದಾಟಿ ತೊಕ್ಕೊಟ್ಟಿಗೆ ಹೋದೆವು. ಅಶ್ರಫ್ ಜಾಕೆಟ್ ಹಿಡಿದು ಮೆಶಿನ್ನಿಗೆ ಕೂತ. ಅವನ ತಾಯಿ, ಉಮ್ಮ, ನಿನ್ನನ್ನು ಊಟಕ್ಕೆ ಒಳಗೆ ಕರೆದರು. ನೀನು ಹಿಂಜರಿದಾಗ ಅವರೇ ಹೇಳಿದರು, "ಹೊಸ ಪಾತ್ರೆ ತಂದಿಟ್ಟಿದ್ದೇನೆ ಮಗಾ. ಇಷ್ಟು ದಿನ ಅದಕ್ಕೆ ಎಂತದ್ದೂ ಬಿದ್ದಿಲ್ಲ. ತೊವ್ವೆ, ಅನ್ನ ಅಷ್ಟೆ. ಬಾ." ನಿನ್ನ ಹರಕೆಯ ಸುದ್ದಿ ಕೇಳಿದಂದೇ ಅವರು ಆ ಪಾತ್ರೆ ತಂದಿದ್ದರಂತೆ, ನೀನು ಎಂದಾದರೂ ಬಂದರೆ ಇರಲಿ ಎಂದು.

ನೀನು ಒಳಗೆ ಹೋದೆ. ಅಂಗಡಿಯಲ್ಲಿ ನಾವಿಬ್ಬರೇ. ಅಶ್ರಫನ ಸೂಜಿಗೆ ಒಂದು ಹುರುಪೆ ಪಟ್ಟೆಂದು ಸೀಳಿತು. ಅವನು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಮರದ ಕೊರಡಿನಲ್ಲಿರುವ ಹಾಗೆ ಅದರಲ್ಲಿ ಉಂಗುರಗಳಿದ್ದವು.

"ಎಕ್ಸ್‌ರೇಗೆ ಉಂಗುರ ಉಂಟಾ ಮಾರಾಯ?" ಎಂದ, ತಗ್ಗಿದ ದನಿಯಲ್ಲಿ.

ನಾನು ಒಳಬಾಗಿಲಿನತ್ತ ನೋಡಿದೆ. "ಹೇಳ್ಬೇಡ. ಇನ್ನು ನಾಲ್ಕು ದಿನ ಉಂಟು ಅಷ್ಟೆ. ಮುಗಿದ ಮೇಲೆ ನಾನೇ ಹೇಳ್ತೇನೆ."

"ಉಮ್ಮ ಅಲ್ಲಿ ಹೊಸ ಪಾತ್ರೆಯಲ್ಲಿ ಬಡಿಸ್ತಾ ಇದ್ದಾರೆ. ನೀನು ಇಲ್ಲಿ —" ಎಂದು ನಿಲ್ಲಿಸಿದ. ಆಮೇಲೆ, "ನೀನೇ ಹೇಳ್ಬೇಕು. ನಾನು ಹೇಳುವುದಿಲ್ಲ. ನಿಮ್ಮೊಳಗಿನದ್ದು ಇದು," ಎಂದು ಸೀಳಿದ ಹುರುಪೆಯನ್ನು ಕಿಸೆಗೆ ಹಾಕಿಕೊಂಡು ಹೊಲಿಗೆ ಮುಂದುವರಿಸಿದ. ಅವನು ಕೊಟ್ಟ ಮಾತನ್ನು ಎಂಟು ವರ್ಷ ಉಳಿಸಿದ. ನನ್ನದು ಆ ಒಂಬತ್ತು ದಿನಕ್ಕೂ ಬಾಳಲಿಲ್ಲ.

ಯಾಕೆಂದರೆ ಕೊನೆಯ ದಿನ ಒಂದು ಘಟನೆ ನಡೆಯಿತು. ನಿನಗೆ ಅದು ಘಟನೆಯೇ ಅಲ್ಲ, ನೆನಪೂ ಇರಲಾರದು. ಕೇಬಲ್ ಟಿ.ವಿ.ಯವನೊಬ್ಬ ನಿನ್ನ ಎದುರು ಮೈಕು ಹಿಡಿದು, "ಈ ಜಾಕೆಟ್ ಯಾರು ಮಾಡಿದ್ದು?" ಎಂದು ಕೇಳಿದ. ನಾನು ನಿನ್ನ ಹಿಂದೆಯೇ, ನವಿಲುಗರಿಯ ಕಟ್ಟು ಹಿಡಿದು ನಿಂತಿದ್ದೆ. ನೀನು ಏದುಸಿರಿನಲ್ಲಿ, "ತೊಕ್ಕೊಟ್ಟಿನ ನಮ್ಮ ಅಶ್ರಫ್ ಹೊಲಿದದ್ದು," ಎಂದೆ. ತಾಸೆ ಶುರುವಾಯಿತು. ನೀನು ಕುಣಿಯುತ್ತ ಮುಂದೆ ಹೋದೆ.

ಮೋಸ — ಆಗ ನನಗೆ ಬಂದ ಶಬ್ದ ಅದು. ನೀನು ನನಗೆ ಮೋಸ ಮಾಡಿದೆ. ಐದು ದಿನ ಬಚ್ಚಲಲ್ಲಿ ಕೂತು ನಾನು ಉಜ್ಜಿದ್ದು, ಬಿಸಿ ನೀರಿನಲ್ಲಿ ಬೆರಳು ಸುಟ್ಟುಕೊಂಡದ್ದು, ಎಲ್ಲ ಒಂದು ಜಿಪ್ ಇಟ್ಟವನ ಹೆಸರಿಗೆ ಹೋಯಿತು. ನೀನು ಬಹುಶಃ ನನ್ನ ಹೆಸರನ್ನೂ ಹೇಳುವವನಿದ್ದೆ, ತಾಸೆ ನಡುವೆ ಬಂತು. ಹಾಗೂ ಇರಬಹುದು. ಆದರೆ ಆ ಗಾಯವನ್ನು ನಾನು ಆರಲು ಬಿಡಲಿಲ್ಲ. ನನಗೆ ಅದು ಬೇಕಿತ್ತು. ನಿನಗೆ ನಿಜ ಹೇಳದಿರಲು ಒಂದು ಹಕ್ಕು ಸಿಕ್ಕಿದ ಹಾಗಾಯಿತು. ನಾನು ನಿನ್ನನ್ನು ವಂಚಿಸುತ್ತಲೇ ಇದ್ದವ, ವಂಚನೆಗೊಳಗಾದವನ ಹಾಗೆ ಮುಖ ಊದಿಸಿಕೊಂಡು ಮನೆಗೆ ನಡೆದೆ.

ಶಿವರಾತ್ರಿಗೆ ಮೊದಲೇ ಕಮಲಕ್ಕ ಹೋದರು. ಅದೇ ಉಸಿರಾಟದ ತೊಂದರೆ. ಡಾಕ್ಟರು ಕಾರಣ ಹೇಳಿದರು, ನೀನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂಬತ್ತು ದಿನಗಳಲ್ಲಿ ಎಲ್ಲಿ ತಪ್ಪಿತು, ಎಲ್ಲಿ ತಪ್ಪಿತು ಎಂದು ಒಂದೊಂದೇ ದಿನವನ್ನು ಬಿಡಿಸಿ ನೋಡುತ್ತ ಕೂತೆ. ಹುರುಪೆಯಿಂದ ಒಬ್ಬರು ಸಾಯುತ್ತಾರೆ ಎಂದು ನಾನು ನಂಬುವುದಿಲ್ಲ. ನೀನು ನಂಬುತ್ತೀ. ನನ್ನ ನಂಬಿಕೆಯಿಂದ ನಿನ್ನ ಲೆಕ್ಕವನ್ನು ತೀರಿಸಲು ನಾನು ಯಾರು?

ಉತ್ತರಕ್ರಿಯೆಯ ದಿನ ನಿಮ್ಮ ಅಂಗಳದಲ್ಲಿ ಚಪ್ಪರ. ಊಟವಾಗಿ ಜನ ಕರಗಿದ ಮೇಲೆ ಅಶ್ರಫ್ ಬಂದ, ನಮ್ಮಿಬ್ಬರ ಹತ್ತಿರ ಒಂದು ಕುರ್ಚಿ ಎಳೆದು ಕೂತ. ನೀನು ಅವನ ಮುಖ ನೋಡದೆ ಹೇಳಿದೆ:

"ಒಂಬತ್ತು ದಿನದಲ್ಲಿ ನಾನು ಹೊರಗೆ ಉಂಡದ್ದು ಒಂದೇ ಕಡೆ ಅಶ್ರಫ್. ನಿನ್ನ ಮನೆಯಲ್ಲಿ."

"ಉಮ್ಮ ಹೊಸ ಪಾತ್ರೆಯಲ್ಲಿ ಮಾಡಿದ್ದು ಮಾರಾಯ."

"ಸೌಟು?" ಎಂದೆ ನೀನು. "ಸೌಟು ಹೊಸತಾ?"

ಅಶ್ರಫನಿಗೆ ಗೊತ್ತಿರಲಿಲ್ಲ. ಅವನು ನನ್ನ ಕಡೆ ನೋಡಿದ. ಎಷ್ಟು ಹೊತ್ತು — ಹೇಳಲಾರೆ. ನನ್ನ ನೆನಪು ಆ ನೋಟವನ್ನು ವರ್ಷ ವರ್ಷವೂ ಉದ್ದ ಮಾಡುತ್ತ ಬಂದಿದೆ. ಒಂದು ಕ್ಷಣ ಇದ್ದಿರಬಹುದು, ಕಣ್ಣು ಹಾಯಿಸಿದಷ್ಟೇ. ಅಷ್ಟರಲ್ಲಿ ಒಬ್ಬ ಮನುಷ್ಯ ಬಾಯಿ ತೆರೆಯಬಹುದಿತ್ತು. ನಾನು ಕೈಯಲ್ಲಿದ್ದ ಲೋಟವನ್ನು ಬಾಯಿಗಿಟ್ಟೆ. ಅದು ಖಾಲಿ ಇತ್ತು.

ಅವನು ಎದ್ದು ಹೋದ. ಚಪ್ಪಲಿ ಹಾಕುವಾಗ ಒಮ್ಮೆ ತಿರುಗಿದ ಎಂದೂ ನೆನಪು ಹೇಳುತ್ತದೆ. ಅದನ್ನು ನಾನು ನಂಬುವುದಿಲ್ಲ, ಅದು ನಾನೇ ಆಮೇಲೆ ಸೇರಿಸಿದ್ದು.

ಈಗ ಆ ಮೂರು ಶಬ್ದ. ಅವನು ಗೇಟು ದಾಟಿದ ಮೇಲೆ ನೀನು ನನ್ನನ್ನು ಕೇಳಿದೆ, "ನಿನಗೆ ಎಂತ ಅನಿಸ್ತದೆ? ನಾನು ಹೇಳಿದ್ದು ಹೆಚ್ಚಾಯ್ತಾ?" ನಿನ್ನ ದನಿಯಲ್ಲಿ ಅನುಮಾನ ಇತ್ತು ಪ್ರವೀಣ. ಹೆಚ್ಚಾಯಿತು ಎಂದು ನಾನು ಹೇಳಬೇಕೆಂದು ನೀನು ಕಾಯುತ್ತಿದ್ದೆ. ಹೇಳಿದ್ದರೆ ನೀನು ಎದ್ದು ಅವನ ಹಿಂದೆ ಓಡುತ್ತಿದ್ದೆ. ನಾನು ಹೇಳಿದ್ದು:

"ಅವರ ಮನೆ ಅಲ್ವಾ."

ಬೇರೆ ಏನೂ ಹೇಳಲಿಲ್ಲ. ಮುಂದಿನದ್ದನ್ನು ಈ ಊರಿನ ಗಾಳಿ ತುಂಬಿಸಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಅವರು ಎಂದರೆ ಯಾರು, ಮನೆ ಎಂದರೆ ಏನು, ಅಲ್ವಾ ಎಂದರೆ ಎಷ್ಟು — ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಒಂದೇ ಬೆಂಚಿನ ಅಶ್ರಫ್ ನನ್ನ ಆ ಮಾತಿನಲ್ಲಿ 'ಅವರು' ಆದ. ನೀನು ತಲೆಯಾಡಿಸಿದೆ. ಆಮೇಲೆ ಬೀದಿಯಲ್ಲಿ ಹತ್ತು ಜನರ ಹತ್ತಿರ ಹೇಳಿದೆ, ಅವರು ಇನ್ನೂ ಹತ್ತು ಜನರ ಹತ್ತಿರ. ವೇಷದ ತಂಡಗಳು ಅಶ್ರಫನಲ್ಲಿ ಹೊಲಿಸುತ್ತಿದ್ದದ್ದು ಮುಂದಿನ ನವರಾತ್ರಿಗೆ ನಿಂತಿತು. ಹೆಸರು ಅವನಿಗೆ ಹೋಗಿತ್ತಲ್ಲ, ತಪ್ಪೂ ಅವನಿಗೇ ಹೋಗಲಿ — ಆ ಅಂಗಳದಲ್ಲಿ ನನ್ನೊಳಗೆ ಇದ್ದದ್ದು ಇದೇ. ಭಯವಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಭಯ ಸ್ವಲ್ಪ ಇತ್ತು. ಹೆಚ್ಚಿನದ್ದು ಇದು.

ಇಷ್ಟು ವರ್ಷ ಸುಮ್ಮನಿದ್ದವ ಈಗ ಯಾಕೆ ಎಂದು ನೀನು ಕೇಳುತ್ತೀ. ಹದಿನೈದು ದಿನಗಳ ಹಿಂದೆ ನೀನು ಫೋನು ಮಾಡಿ ಕರೆದೆ. ಜ್ವರ ನೆತ್ತಿಗೇರಿ ಮೈ ಸೆಟೆದುಕೊಂಡಿದ್ದ ನಿನ್ನ ಪುಟ್ಟ ಮಗಳು ಗುಣವಾಗಿದ್ದಳು. ಮತ್ತೆ ಹರಕೆ. ಈ ನವರಾತ್ರಿಗೆ ಮತ್ತೆ ನವಿಲು, ಅದೇ ಜಾಕೆಟ್. ಕಮಲಕ್ಕನ ಹಸಿರು ಸೀರೆಯಲ್ಲಿ ಸುತ್ತಿಟ್ಟಿದ್ದ ಅದನ್ನು ನೀನು ಪೆಟ್ಟಿಗೆಯಿಂದ ಹೊರಗೆ ತೆಗೆದೆ. ಬಿಚ್ಚಿದರೆ, ಕೆಳಗಿನ ಸಾಲುಗಳ ಅಂಚು ಅಲ್ಲಲ್ಲಿ ಹಲ್ಲು ಹಲ್ಲಾಗಿ ಕಡಿದು ಹೋಗಿತ್ತು.

"ಜಿರಳೆ ಎಕ್ಸ್‌ರೇ ತಿಂತದಾ ಮಾರಾಯ?" ಎಂದು ನೀನು ಆಶ್ಚರ್ಯಪಟ್ಟೆ.

ಬಾಗಿಲು ಅಷ್ಟು ಅಗಲ ತೆರೆದಿತ್ತು. ನಾನು ಹೇಳಿದೆ, "ಬಣ್ಣ ತಿಂದದ್ದು. ಬಣ್ಣಕ್ಕೆ ಗೋಂದು ಹಾಕಿದ್ದೆ." ಎಂಟು ವರ್ಷಗಳ ನಂತರ, ನಿನ್ನ ಮಗಳು ನನ್ನ ಕಾಲಿನ ಹತ್ತಿರ ಆಡುತ್ತಿರುವಾಗ, ಎಷ್ಟು ಸಲೀಸಾಗಿ.

"ನೀನೇ ಸರಿ ಮಾಡು," ಎಂದು ಜಾಕೆಟ್ಟನ್ನು ನನ್ನ ಕೈಗೆ ಕೊಟ್ಟೆ. "ತೊಕ್ಕೊಟ್ಟಿಗೆ ಕೊಡ್ಲಿಕ್ಕೆ ಹೋಗ್ಬೇಡ ಆಯ್ತಾ."

ಕಳೆದ ಶನಿವಾರ ನಾನು ತೊಕ್ಕೊಟ್ಟಿಗೆ ಹೋದೆ. ಜಾಕೆಟ್ ಒಯ್ಯಲಿಲ್ಲ. ಅಶ್ರಫನ ಅಂಗಡಿಯಲ್ಲಿ ಈಗ ಶಾಲೆಯ ಯೂನಿಫಾರ್ಮು ಮಾತ್ರ, ಗೋಡೆಯವರೆಗೆ ನೀಲಿ ಚಡ್ಡಿಗಳ ಅಟ್ಟಿ. ಗಡ್ಡದಲ್ಲಿ ಬಿಳಿ ಬಂದಿದೆ. ಅವನು ಮೆಶಿನ್ ನಿಲ್ಲಿಸಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ಆ ಮೂರು ಶಬ್ದಗಳನ್ನೂ ಹೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ. ಆಗ ಮೆಶಿನ್ ನಿಂತಿತು.

"ಹಾಗೆ ಹೇಳಿದೆಯಾ?" ಎಂದ. "ನೀನು ಸುಮ್ಮನೆ ಕೂತೆ ಅಂತ ಮಾತ್ರ ನಾನು ತಿಳ್ಕೊಂಡದ್ದು. ಹೆದರಿದ, ಪಾಪ, ಅಂತ."

ನಾನು ಏನೋ ಹೇಳಲು ಹೋದೆ. ಅವನು ಕೈ ಎತ್ತಿದ.

"ಸೌಟು ಹೊಸತೇ ಇತ್ತು. ಅವತ್ತು ಬೋಳಾರದಿಂದ ಬಂದು ಉಮ್ಮನ ಹತ್ತಿರ ಕೇಳಿದೆ. ಪಾತ್ರೆಯೊಟ್ಟಿಗೇ ತಂದದ್ದು, ಮರದ್ದು. ಯಾಕೆ ಕೇಳ್ತೀ ಅಂತ ಉಮ್ಮ ಕೇಳಿದ್ರು. ಎಂತ ಹೇಳುವುದು ನಾನು? ಪ್ರವೀಣ ಕೇಳಿದ್ದು ನನಗೆ ಅಷ್ಟು ಬೇಸರ ಆಗಲಿಲ್ಲ, ತಾಯಿ ಹೋದವ. ನನ್ನ ಉಮ್ಮನ ಹತ್ತಿರ ನಾನೇ ಹೋಗಿ ಸೌಟು ಹೊಸತಾ ಅಂತ ಕೇಳ್ಬೇಕಾಯ್ತಲ್ಲ —" ಅವನು ಚಡ್ಡಿಯ ಅಂಚನ್ನು ಮಡಚಿ ಮತ್ತೆ ಸೂಜಿಯ ಕೆಳಗಿಟ್ಟ.

"ಗೊತ್ತಿದ್ದೂ ನೀನು ಹೇಳ್ಲಿಲ್ಲ ಅವನಿಗೆ," ಎಂದೆ ನಾನು. ಹೊಗಳಿಕೆಯ ಹಾಗೆ ಹೇಳಲು ಹೋದದ್ದು ದೂರಿನ ಹಾಗೆ ಕೇಳಿಸಿತು.

"ನಾನು ಹೇಳಿದ್ರೆ ಅವನು ನಂಬ್ತಿದ್ದನಾ? ತನ್ನ ತಪ್ಪು ಮುಚ್ಚಲಿಕ್ಕೆ ನಿನ್ನ ಮೇಲೆ ಹಾಕ್ತಾನೆ ಅಂತ ಹೇಳ್ತಿದ್ದ. ನೀನೂ ಹಾಗೇ ಹೇಳ್ತಿದ್ದೆ." ಅವನು ತಲೆ ಎತ್ತಲಿಲ್ಲ. "ಈಗ ನನ್ನ ಹತ್ತಿರ ಎಂತಕ್ಕೆ ಬಂದದ್ದು? ನಂಗೆ ಗೊತ್ತುಂಟಲ್ಲ. ಅವನ ಹತ್ತಿರ ಹೋಗು."

ಒಳಗಿನಿಂದ ಉಮ್ಮನ ದನಿ, ಯಾರು ಬಂದದ್ದು ಎಂದು. "ಯಾರೂ ಇಲ್ಲ ಉಮ್ಮ, ಗಿರಾಕಿ," ಎಂದ ಅಶ್ರಫ್.

ಆದ್ದರಿಂದ ಇದು. ನಾಳೆ ಬೆಳಿಗ್ಗೆ ನಾನು ಜಾಕೆಟ್ ಹಿಡಿದು ನಿನ್ನ ಮನೆಗೆ ಬರುತ್ತೇನೆ. ಈ ಹಾಳೆಗಳನ್ನು ನಿನ್ನ ಕೈಗೇ ಮೊದಲು ಕೊಡುತ್ತೇನೆ, ಆ ಮಾತು ಕೇಳಿದ ಬೀದಿಯವರು ಓದುವುದು ಆಮೇಲೆ. ಬಾಯಲ್ಲಿ ಹೇಳಲು ಹೊರಟರೆ ಎಲ್ಲೋ ಒಂದು ಕಡೆ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತೇನೆ ಎಂದು ಬರೆದದ್ದು. ನೀನು ಓದುವಷ್ಟು ಹೊತ್ತು ಅಂಗಳದಲ್ಲೇ ನಿಂತಿರುತ್ತೇನೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ನನ್ನನ್ನು ಗೇಟಿನ ಹೊರಗೆ ಹಾಕಿದ ಮೇಲೆ ನೀನು ತೊಕ್ಕೊಟ್ಟಿಗೆ ಹೋಗಬೇಕು. ಅಶ್ರಫನ ಉಮ್ಮ ಈಗಲೂ, ನೀನು ಯಾಕೆ ಬರುವುದಿಲ್ಲ ಎಂದು ಮಗನನ್ನು ಕೇಳುತ್ತಾರೋ ಏನೋ ನನಗೆ ಗೊತ್ತಿಲ್ಲ. ಕೇಳುತ್ತಾರೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಾನು ಕೇಳಿಸಿಕೊಂಡಿಲ್ಲ. ಕೇಳಿಸಿಕೊಂಡದ್ದು ಇಷ್ಟೇ — ಸೌಟು ಹೊಸತೇ ಇತ್ತು.

ನನ್ನ ಮಾತನ್ನು ನೀನು ನಂಬಬೇಕಿಲ್ಲ. ನಂಬಲು ಕಾರಣವೂ ಉಳಿದಿಲ್ಲ. ಇವತ್ತು ಬೆಳಿಗ್ಗೆ ಜಾಕೆಟ್‌ನ ಕೆಳಗಿನ ಸಾಲಿನಿಂದ ಒಂದು ಹುರುಪೆಯನ್ನು ಬಿಚ್ಚಿ, ವಾರ್ನಿಶ್ ಕೆರೆದು, ಒಂದು ಲೋಟ ಬಿಸಿ ನೀರಿಗೆ ಹಾಕಿದೆ. ಗಂಟಲಿನ ಹತ್ತಿರದ ಗಾಢ ನೀಲಿಯದ್ದು ಬೇಡ ಅನಿಸಿತು — ಅಲ್ಲಿ ನಿನ್ನ ಅಮ್ಮ ಕುಂಕುಮ ಹಚ್ಚಿದ್ದ ಗುರುತು ಇನ್ನೂ ಇದೆ. ಅರ್ಧ ಗಂಟೆಯಲ್ಲಿ ಬಣ್ಣ ಸ್ವಲ್ಪ ಬಿಟ್ಟು ನೀರು ತಿಳಿಯಾಗಿ ನೀಲಿಯಾಯಿತು, ಹುರುಪೆ ಮೆತ್ತಗಾಯಿತು. ಲೋಟವನ್ನು ಮೂಗಿನ ಹತ್ತಿರ ಹಿಡಿದೆ. ಎಂಟು ವರ್ಷ ಸೀರೆಯೊಳಗೆ ಮಲಗಿದ್ದರೂ ಅದು ಹೋಗಿರಲಿಲ್ಲ.

ನಾಳೆ ನಿನ್ನ ಮನೆಯಲ್ಲೂ ಒಂದು ಲೋಟ ಬಿಸಿ ನೀರು ಕೇಳುತ್ತೇನೆ. ನೀನೇ ಒಂದನ್ನು ಬಿಚ್ಚಿ ಹಾಕು. ನೀನೇ ಮೂಸಿ ನೋಡು. ಅವತ್ತು ಆ ಅಂಗಡಿಯ ಬದಿಯಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಕೊಡಬೇಕಿದ್ದ ಉತ್ತರ ಆ ಲೋಟದಲ್ಲಿದೆ: ಹೌದು, ವಾಸನೆ ಬರುತ್ತಿತ್ತು. ನಿನ್ನ ಮೈಯದ್ದಲ್ಲ.